ಸಾಂಕ್ರಾಮಿಕದ ದಿನಗಳಲ್ಲಿ ಮಕ್ಕಳನ್ನು ತಂಡದ ಆಟಕ್ಕೆ ಕಳುಹಿಸಬೇಕೆ? ಮುಂಬಯಿಯ ಪಾಲಕರಿಗೆ ಒಂದು ಮಾರ್ಗದರ್ಶಿ

2020ರ ಮಾರ್ಚ್ ತಿಂಗಳಲ್ಲಿ ಮುಂಬಯಿಯ ಶಾಲೆಗಳೂ ಮೈದಾನಗಳೂ ಒಟ್ಟಿಗೆ ಮುಚ್ಚಿದವು. ಎಂಟರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್‌ನಲ್ಲಿ. ಚಿಕ್ಕ ತರಗತಿಗಳವರು ಇನ್ನೂ ಕಾಯಬೇಕಾಯಿತು, ಮತ್ತು 2022ರ ಜನವರಿಯಲ್ಲಿ ಶಾಲೆಗಳು ಪುನಃ ಕೆಲವು ವಾರ ಮುಚ್ಚಿದವು. ಐದಾರು ಜನ ಒಂದೇ ಖೋಲಿಯಲ್ಲಿ ಬಾಳುವ ಕುಟುಂಬಗಳು ಲಕ್ಷಗಟ್ಟಲೆ ಇರುವ ಈ ನಗರದಲ್ಲಿ, ಮಗು ಮೈತುಂಬ ಓಡಬಹುದಾದ ಜಾಗವೆಂದರೆ ಮೈದಾನವೊಂದೇ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ‘ಸದ್ಯಕ್ಕೆ ಆಟ ಬೇಡ’ ಎಂಬ ತೀರ್ಮಾನಕ್ಕೂ ಮಗು ತನ್ನ ದೇಹದಿಂದ, ನಿದ್ದೆಯಿಂದ, ಗೆಳೆತನದಿಂದ ಬೆಲೆ ತೆರುತ್ತದೆ. ಅದೇ ಖೋಲಿಯಲ್ಲಿ ಊರಿನಿಂದ ಬಂದ ಅಜ್ಜಿಯೂ ಇರುತ್ತಾರೆ ಎಂಬುದು ಈ ಪ್ರಶ್ನೆಯ ಇನ್ನೊಂದು ಮುಖ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಯಲಿನಲ್ಲಿ, ದಿನವೂ ಅದೇ ಚಿಕ್ಕ ಗುಂಪಿನೊಂದಿಗೆ ನಡೆಯುವ ಅಭ್ಯಾಸವನ್ನು ಸಾಂಕ್ರಾಮಿಕದ ಬಹುತೇಕ ಹಂತಗಳಲ್ಲಿ ಉಳಿಸಿಕೊಳ್ಳಬಹುದು. ಬೇರೆ ಬೇರೆ ಬಡಾವಣೆಗಳ ತಂಡಗಳು ಸೇರುವ ಪಂದ್ಯಾವಳಿಗಳನ್ನೂ ಮುಚ್ಚಿದ ಸಭಾಂಗಣದ ಆಟಗಳನ್ನೂ ಮೊದಲು ನಿಲ್ಲಿಸಿ ಕಡೆಯಲ್ಲಿ ಆರಂಭಿಸಬೇಕು. ಅಪಾಯ ಹೆಚ್ಚಾಗಿ ಅಡಗಿರುವುದು ಆಟದಲ್ಲಲ್ಲ, ಆಟದ ಹಿಂದು ಮುಂದಿನ ಗಳಿಗೆಗಳಲ್ಲಿ. ನಿಮ್ಮ ಮಗುವಿನ ವಿಷಯದಲ್ಲಿ ಈ ಮಾತು ಎಷ್ಟು ಸಲ್ಲುತ್ತದೆ ಎಂಬುದನ್ನು ಕೆಳಗಿನ ಹೆಜ್ಜೆಗಳ ಮೂಲಕ ನೀವೇ ನಿರ್ಧರಿಸಬಹುದು.

ಮೊದಲ ಹೆಜ್ಜೆ: ರೋಗ ಯಾರನ್ನು ಕಾಡುತ್ತದೆ ಎಂದು ತಿಳಿಯಿರಿ

ಎಲ್ಲ ಸಾಂಕ್ರಾಮಿಕಗಳೂ ಒಂದೇ ಬಗೆಯವಲ್ಲ. 1918ರ ಜೂನ್‌ನಲ್ಲಿ ಹಡಗುಗಳ ಮೂಲಕ ಬೊಂಬಾಯಿಗೆ ಬಂದಿಳಿದ ಇನ್‌ಫ್ಲುಯೆಂಜಾ, ಇಪ್ಪತ್ತರಿಂದ ನಲವತ್ತು ವಯಸ್ಸಿನ ಗಟ್ಟಿಮುಟ್ಟಾದ ಜನರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿತು. 2009ರ ಎಚ್1ಎನ್1 ಜ್ವರ ಮಕ್ಕಳಲ್ಲಿ, ಯುವಕರಲ್ಲಿ ಬೇಗ ಹಬ್ಬಿತು. ಭಾರತದಲ್ಲಿ ಅದರಿಂದ ದಾಖಲಾದ ಮೊದಲ ಸಾವು ಆ ವರ್ಷದ ಆಗಸ್ಟ್‌ನಲ್ಲಿ ಪುಣೆಯ ಶಾಲಾ ಬಾಲಕಿಯೊಬ್ಬಳದು. ಕೋವಿಡ್ ಇದಕ್ಕೆ ವಿರುದ್ಧವಾಗಿ ಹೆಚ್ಚಿನ ಮಕ್ಕಳಲ್ಲಿ ಸೌಮ್ಯವಾಗಿ ಹಾದುಹೋಗಿ, ಅವರ ಅಜ್ಜ ಅಜ್ಜಿಯರ ಮೇಲೆ ಬಿತ್ತು. ಹೀಗಿರುವಾಗ ಕೋವಿಡ್ ಕಾಲದಲ್ಲಿ ಸರಿಯಾಗಿದ್ದ ತೀರ್ಮಾನವನ್ನು ಮುಂದೆ ಬರುವ ಇನ್ನೊಂದು ರೋಗಕ್ಕೆ ಹಾಗೆಯೇ ಅನ್ವಯಿಸುವುದು ತಪ್ಪಾಗುತ್ತದೆ.

ಹೊಸ ರೋಗವೊಂದು ಕಾಣಿಸಿಕೊಂಡು, ಅದು ಮಕ್ಕಳಿಗೆ ಎಷ್ಟು ತೀವ್ರ, ಹೇಗೆ ಹರಡುತ್ತದೆ ಎಂಬುದು ವೈದ್ಯರಿಗೇ ಸ್ಪಷ್ಟವಾಗಿರದ ಮೊದಲ ವಾರಗಳಲ್ಲಿ ತಂಡದ ಆಟವನ್ನು ಪೂರ್ತಿಯಾಗಿ ನಿಲ್ಲಿಸುವುದೇ ವಿವೇಕ. ಆ ಮೇಲೆ ಸರಕಾರದ ಆರೋಗ್ಯ ಸಚಿವಾಲಯ ಮತ್ತು ಮಕ್ಕಳ ತಜ್ಞರ ಸಂಘಟನೆಗಳು ಸೂಚನೆಗಳನ್ನು ಹೊರಡಿಸುತ್ತವೆ. ಅವುಗಳಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿರಿ: ಆಸ್ಪತ್ರೆಗೆ ಸೇರುವವರಲ್ಲಿ ಮಕ್ಕಳ ಪಾಲು ಎಷ್ಟು? ರೋಗವು ಉಸಿರಿನ ಮೂಲಕ ಹರಡುತ್ತದೆಯೋ, ಮುಟ್ಟುವುದರಿಂದಲೋ, ನೀರು ಆಹಾರಗಳಿಂದಲೋ? ಮುಂದೆ ಹೇಳುವುದೆಲ್ಲ ಕೋವಿಡ್ ಮತ್ತು ಇನ್‌ಫ್ಲುಯೆಂಜಾದಂತೆ ಉಸಿರಿನಿಂದ ಹರಡುವ ರೋಗಗಳನ್ನು ಗಮನದಲ್ಲಿಟ್ಟು ಹೇಳಿದ್ದು.

ಎರಡನೆಯ ಹೆಜ್ಜೆ: ಮೈದಾನಕ್ಕಿಂತ ಮೊದಲು ಮನೆಯನ್ನು ನೋಡಿ

ಮಗುವಿಗೆ ಆಸ್ತಮಾ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಅಥವಾ ಮಧುಮೇಹ ಇದ್ದರೆ, ಇಲ್ಲವೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ನಡೆಯುತ್ತಿದ್ದರೆ, ಆ ಮಗುವನ್ನು ನೋಡುತ್ತಿರುವ ವೈದ್ಯರನ್ನು ಕೇಳದೆ ಯಾವ ತೀರ್ಮಾನವನ್ನೂ ಮಾಡಬಾರದು. ಹತೋಟಿಯಲ್ಲಿರುವ ಆಸ್ತಮಾ ಇದ್ದ ಮಾತ್ರಕ್ಕೆ ಆಟ ನಿಲ್ಲಬೇಕಾಗಿಲ್ಲ, ಆದರೆ ಆ ಮಾತನ್ನು ವೈದ್ಯರ ಬಾಯಿಂದಲೇ ಕೇಳಬೇಕು.

ಬಳಿಕ ಮನೆಯಲ್ಲಿರುವ ಉಳಿದವರ ಕಡೆಗೆ ಬನ್ನಿ. ಅರವತ್ತು ದಾಟಿದವರು, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ಮನೆಯಲ್ಲಿದ್ದರೆ, ಮಗು ಹೊತ್ತು ತರುವ ಸೋಂಕು ಅವರನ್ನು ತಲುಪದಂತೆ ಇರಿಸಲು ನಿಮಗೆ ಸಾಧ್ಯವೇ ಎಂದು ಯೋಚಿಸಿ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಜ್ಜಿಗೆ ಒಂದು ಕೋಣೆ ಬಿಟ್ಟುಕೊಡಬಹುದು. ಮಾಟುಂಗಾ ಅಥವಾ ಪರೇಲಿನ ಚಾಳದಲ್ಲಿ, ಹೊರಗಿನ ಶೌಚಾಲಯವನ್ನು ಇಡೀ ಮಹಡಿಯವರು ಹಂಚಿಕೊಳ್ಳುವಲ್ಲಿ, ಆ ಮಾತು ಆಡುವುದಕ್ಕೂ ಅರ್ಥವಿಲ್ಲ. ಅಂಥ ಮನೆಗಳಲ್ಲಿ ಅಲೆ ಏರುತ್ತಿರುವ ವಾರಗಳಲ್ಲಿ ಮಗುವಿನ ತಂಡದ ಆಟವನ್ನು ನಿಲ್ಲಿಸುವುದು, ಸಾಧ್ಯವಿದ್ದರೆ ಹಿರಿಯರನ್ನು ಕೆಲವು ಕಾಲ ಊರಿನಲ್ಲಿರುವ ಬಂಧುಗಳ ಮನೆಯಲ್ಲಿ ಇರಿಸುವುದು, ಇವೆರಡೇ ನಿಜವಾದ ದಾರಿಗಳು. ಊರಿಗೆ ಕರೆದೊಯ್ಯುವುದಾದರೆ ಅಲೆ ಏರುವ ಮೊದಲೇ ಕರೆದೊಯ್ಯಿರಿ. ಮಗುವಿಗೆ ಸೋಂಕು ತಗಲಿರಬಹುದೆಂಬ ಅನುಮಾನದಲ್ಲಿ ಹಿರಿಯರನ್ನು ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೋ ಉಡುಪಿಗೋ ಕಳುಹಿಸಿದರೆ, ರೋಗವನ್ನೂ ಅವರೊಡನೆ ಕಳುಹಿಸಿದಂತಾಗುತ್ತದೆ.

ಮನೆಯಲ್ಲಿರುವ ವಯಸ್ಕರೆಲ್ಲರ ಲಸಿಕೆ ಪೂರ್ಣವಾಗಿರಲಿ. ಭಾರತದಲ್ಲಿ 15ರಿಂದ 18 ವರ್ಷದವರಿಗೆ ಕೋವಿಡ್ ಲಸಿಕೆ ಆರಂಭವಾದದ್ದು 2022ರ ಜನವರಿ 3ರಂದು, 12ರಿಂದ 14 ವರ್ಷದವರಿಗೆ ಅದೇ ವರ್ಷದ ಮಾರ್ಚ್ 16ರಂದು. ಅಂದರೆ ಸುಮಾರು ಎರಡು ವರ್ಷ ಮಕ್ಕಳಿಗೆ ತಮ್ಮದೆಂಬ ರಕ್ಷಣೆ ಇರಲಿಲ್ಲ, ಸುತ್ತಲಿನ ದೊಡ್ಡವರ ಲಸಿಕೆಯೇ ಅವರ ಮನೆಯನ್ನು ಕಾಯಬೇಕಿತ್ತು. ಮುಂದಿನ ಸಲವೂ ಹೀಗೆಯೇ ಆಗುವ ಸಾಧ್ಯತೆ ಹೆಚ್ಚು.

ಮೂರನೆಯ ಹೆಜ್ಜೆ: ನಗರದ ಸ್ಥಿತಿಯನ್ನು ವಾರಕ್ಕೊಮ್ಮೆ ಅಳೆಯಿರಿ

2021ರ ಜೂನ್‌ನಲ್ಲಿ ಮಹಾರಾಷ್ಟ್ರ ಸರಕಾರ ನಿರ್ಬಂಧಗಳನ್ನು ಐದು ಹಂತಗಳಲ್ಲಿ ಸಡಿಲಿಸಿದಾಗ ಎರಡು ಅಳತೆಗೋಲುಗಳನ್ನು ಬಳಸಿತು: ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಎಷ್ಟು ಜನರಿಗೆ ಸೋಂಕಿದೆ, ಮತ್ತು ಆಮ್ಲಜನಕ ಸೌಲಭ್ಯವುಳ್ಳ ಹಾಸಿಗೆಗಳಲ್ಲಿ ಎಷ್ಟು ಪಾಲು ತುಂಬಿದೆ. ಮೊದಲನೆಯದು ಶೇಕಡ 5ಕ್ಕಿಂತ ಕಡಿಮೆ, ಎರಡನೆಯದು ಶೇಕಡ 25ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳು ಅತ್ಯಂತ ಸಡಿಲವಾದ ಹಂತಕ್ಕೆ ಸೇರಿದವು. ಪಾಲಕರಿಗೂ ಇದು ಉಪಯುಕ್ತವಾದ ಅಳತೆ. ಜನರು ಮನೆಯಲ್ಲೇ ಕಿಟ್ಟಿನಿಂದ ಪರೀಕ್ಷಿಸಿಕೊಂಡು ಸುಮ್ಮನಾಗುವ ಕಾಲದಲ್ಲಿ ಮೊದಲನೆಯ ಅಂಕಿ ಪೂರ್ತಿ ನಂಬಿಕೆಗೆ ಅರ್ಹವಲ್ಲವಾದ್ದರಿಂದ, ಹಾಸಿಗೆಗಳ ಅಂಕಿಗೆ ಹೆಚ್ಚು ಬೆಲೆ ಕೊಡಿ.

ವಾರಕ್ಕೊಮ್ಮೆ ಎಂದು ಒತ್ತಿ ಹೇಳಲು ಕಾರಣವಿದೆ. 2021ರ ಡಿಸೆಂಬರ್ ಮಧ್ಯದಲ್ಲಿ ಮುಂಬಯಿಯಲ್ಲಿ ದಿನಕ್ಕೆ ಕೆಲವು ನೂರರಷ್ಟಿದ್ದ ಹೊಸ ಪ್ರಕರಣಗಳು 2022ರ ಜನವರಿ ಮೊದಲ ವಾರದಲ್ಲಿ 20,000 ದಾಟಿದವು. ತಿಂಗಳ ಶುಲ್ಕ ಕಟ್ಟಿದ್ದೇವೆಂಬ ಕಾರಣಕ್ಕೆ ತಿಂಗಳಿಗೊಮ್ಮೆ ಯೋಚಿಸುವವರಿಗೆ ಇಂಥ ಏರಿಕೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಭಾನುವಾರ ಸಂಜೆ ಪಾಲಿಕೆಯ ಅಂಕಿಗಳನ್ನು ನೋಡಿ, ನಿಮ್ಮ ವಾರ್ಡಿನ ಸ್ಥಿತಿಯನ್ನು ಕೇಳಿ, ಮುಂದಿನ ಆರು ದಿನಗಳಿಗೆ ಮಾತ್ರ ತೀರ್ಮಾನಿಸಿ. ಮುಂಬಯಿ ಪಾಲಿಕೆಯ ಸಹಾಯವಾಣಿ ಸಂಖ್ಯೆ 1916.

ನಾಲ್ಕನೆಯ ಹೆಜ್ಜೆ: ಯಾವ ಆಟ, ಎಂಥ ಜಾಗ

ಉಸಿರಿನೊಂದಿಗೆ ಹೊರಬರುವ ಅತಿಸೂಕ್ಷ್ಮ ಹನಿಗಳು ಊದುಬತ್ತಿಯ ಹೊಗೆಯಂತೆ ವರ್ತಿಸುತ್ತವೆ. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ, ಬಯಲಿನ ಗಾಳಿಯಲ್ಲಿ ಕ್ಷಣದಲ್ಲಿ ಚದುರುತ್ತವೆ. ಏದುಸಿರು ಬಿಡುವಾಗ, ಕೂಗುವಾಗ ಅವು ಹಲವು ಪಟ್ಟು ಹೆಚ್ಚುತ್ತವೆ. ಎರಡು ನಿಜ ಪ್ರಸಂಗಗಳು ಇದನ್ನು ಚೆನ್ನಾಗಿ ತೋರಿಸುತ್ತವೆ. 2020ರ ಜೂನ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಳಾಂಗಣದಲ್ಲಿ ನಡೆದ ವಯಸ್ಕರ ಒಂದೇ ಒಂದು ಐಸ್ ಹಾಕಿ ಪಂದ್ಯದ ಬಳಿಕ, 22 ಆಟಗಾರರಲ್ಲಿ 14 ಮಂದಿ ಹಾಗೂ ಅಲ್ಲಿನ ಒಬ್ಬ ಸಿಬ್ಬಂದಿ ಐದು ದಿನಗಳೊಳಗೆ ಕಾಯಿಲೆ ಬಿದ್ದರು. ಅದೇ ಬೇಸಿಗೆಯಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಮೈದಾನಕ್ಕೆ ಮರಳಿದ್ದ ಸುಮಾರು 91,000 ಕಿರಿಯ ಫುಟ್‌ಬಾಲ್ ಆಟಗಾರರ ಮಾಹಿತಿಯನ್ನು ಕಲೆಹಾಕಿದಾಗ, ಸೋಂಕಿತರು ನೂರಾರು ಇದ್ದರೂ ಆಟದಿಂದಲೇ ಹರಡಿತೆಂದು ಹೇಳಬಹುದಾದ ಪ್ರಕರಣ ಒಂದೇ ಒಂದು ಸಿಕ್ಕಿತು. ಇದು ಕ್ಲಬ್ಬುಗಳೇ ಕೊಟ್ಟ ಮಾಹಿತಿಯಾದ್ದರಿಂದ ಆ ಒಂದು ಎಂಬ ಅಂಕಿಯನ್ನು ಅಕ್ಷರಶಃ ನಂಬಬೇಕಾಗಿಲ್ಲ, ಆದರೆ ಬಯಲಿಗೂ ಒಳಾಂಗಣಕ್ಕೂ ಇರುವ ಅಂತರವನ್ನು ಅನುಮಾನಿಸಲು ಕಾರಣವಿಲ್ಲ.

ಈ ದೃಷ್ಟಿಯಿಂದ ನಮ್ಮ ನಗರದ ಆಟಗಳನ್ನು ನೋಡೋಣ. ಶಿವಾಜಿ ಪಾರ್ಕ್, ಆಜಾದ್ ಮೈದಾನ, ಓವಲ್ ಮೈದಾನಗಳಲ್ಲಿ ಆಡುವ ಕ್ರಿಕೆಟ್ ತಂಡದ ಆಟಗಳಲ್ಲೇ ಅತ್ಯಂತ ಕಡಿಮೆ ಅಪಾಯದ್ದು. ಮಕ್ಕಳು ದೂರ ದೂರ ನಿಲ್ಲುತ್ತಾರೆ, ಮೈಗೆ ಮೈ ತಾಗುವುದಿಲ್ಲ. ಚೆಂಡಿಗೆ ಉಗುಳು ಹಚ್ಚುವುದನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2020ರ ಜೂನ್‌ನಲ್ಲಿ ತಾತ್ಕಾಲಿಕವಾಗಿ ನಿಷೇಧಿಸಿ, 2022ರಲ್ಲಿ ಆ ನಿಷೇಧವನ್ನು ಕಾಯಂಗೊಳಿಸಿತು. ಮಕ್ಕಳ ಅಭ್ಯಾಸದಲ್ಲೂ ಈ ನಿಯಮ ಇರಲಿ. ಸ್ಲಿಪ್‌ನಲ್ಲಿ ಭುಜಕ್ಕೆ ಭುಜ ತಾಗಿ ನಿಲ್ಲುವುದನ್ನೂ ನೆಟ್ಸ್‌ನಲ್ಲಿ ಸರದಿಗಾಗಿ ಒತ್ತಾಗಿ ಕಾಯುವುದನ್ನೂ ಕೋಚ್ ತಪ್ಪಿಸಬೇಕು. ಫುಟ್‌ಬಾಲ್ ಮತ್ತು ಹಾಕಿಗಳಲ್ಲಿ ಸಂಪರ್ಕ ಹೆಚ್ಚಾದರೂ ಅದು ಕ್ಷಣ ಮಾತ್ರದ್ದು, ಮೇಲೆ ಆಕಾಶವಿರುತ್ತದೆ. ಖೋಖೋ ಆಟದಲ್ಲಿ ಸಾಲಾಗಿ ಕೂರುವ ಮಕ್ಕಳ ನಡುವೆ ಅಂತರವಿರುತ್ತದೆ, ಅದೂ ಬಯಲಿನ ಆಟವೇ ಆಗಿದ್ದರೆ ತೊಂದರೆ ಕಡಿಮೆ.

ಕಬಡ್ಡಿಯ ಮಾತು ಬೇರೆ, ಮತ್ತು ಇದನ್ನು ಬರೆಯಲು ನನಗೆ ಬೇಸರವಿದೆ, ಏಕೆಂದರೆ ಲಾಲ್‌ಬಾಗ್, ಪರೇಲ್, ಪ್ರಭಾದೇವಿಯ ಗಿರಣಿ ಕಾರ್ಮಿಕರ ಮಕ್ಕಳಿಗೆ ಖರ್ಚಿಲ್ಲದೆ ದೊರೆತ ಆಟ ಅದು. ಆದರೂ ಎದುರಾಳಿಯ ಅಂಕಣದಲ್ಲಿ ಒಂದೇ ಉಸಿರಿನಲ್ಲಿ ಜೋರಾಗಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರುವ ಒಬ್ಬನ ಮೇಲೆ ನಾಲ್ಕೈದು ಜನ ಮುಗಿಬಿದ್ದು ಹಿಡಿಯುವ ಆಟದಲ್ಲಿ, ಉಸಿರಿನಿಂದ ಹರಡುವ ರೋಗಕ್ಕೆ ಬೇಕಾದುದೆಲ್ಲ ಸೇರಿರುತ್ತದೆ. ರೋಗ ತಗ್ಗುವವರೆಗೆ ಕಬಡ್ಡಿ ತಂಡಗಳು ಓಟ, ಕಾಲಿನ ಚಲನೆ, ದೇಹಬಲದ ಅಭ್ಯಾಸಗಳನ್ನು ಮಾತ್ರ ನಡೆಸುವುದು ಲೇಸು. ಕುಸ್ತಿ, ಜೂಡೊಗಳಿಗೂ ಇದೇ ಅನ್ವಯಿಸುತ್ತದೆ.

ಶಟಲ್ ಗಾಳಿಗೆ ತೇಲಬಾರದೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ ಎಸಿ ಹಾಕಿದ ಬ್ಯಾಡ್ಮಿಂಟನ್ ಸಭಾಂಗಣವನ್ನು, ಇಬ್ಬರೇ ದೂರ ನಿಂತು ಆಡುತ್ತಾರೆಂಬ ಕಾರಣಕ್ಕೆ ಸುರಕ್ಷಿತವೆಂದು ಹಲವರು ಭಾವಿಸುತ್ತಾರೆ. ಆರು ಅಂಕಣಗಳಲ್ಲಿ ಇಪ್ಪತ್ತು ಜನ ಏದುಸಿರು ಬಿಡುತ್ತ ಅದೇ ಗಾಳಿಯನ್ನು ಹಂಚಿಕೊಳ್ಳುವ ಜಾಗವದು. ಇದಕ್ಕಿಂತ, ಮೇಲೂ ಸುತ್ತಲೂ ಬಲೆ ಮಾತ್ರ ಇರುವ ಬಾಕ್ಸ್ ಟರ್ಫ್ ಎಷ್ಟೋ ಮೇಲು. ಒಳಾಂಗಣ ಅನಿವಾರ್ಯವಾದರೆ ಅಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಚಿಕ್ಕ ಸಾಧನ ಇಡಲು ಕೇಳಿ. ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅಷ್ಟು ಭಾಗ) ತೋರಿಸುತ್ತದೆ. ಸಭಾಂಗಣದಲ್ಲಿ 1,000 ದಾಟಿದರೆ ಹೊಸ ಗಾಳಿ ಸಾಲದು ಎಂದು ತಿಳಿದು ಮಗುವನ್ನು ಹೊರಗೆ ಕರೆಯಿರಿ.

ಐದನೆಯ ಹೆಜ್ಜೆ: ಆಟದ ಹಿಂದು ಮುಂದು

ಇಲ್ಲಿಯೇ ಪಾಲಕರ ಕೈಯಲ್ಲಿ ಹೆಚ್ಚು ಅಧಿಕಾರವಿದೆ, ಮತ್ತು ಇಲ್ಲಿಯೇ ಹೆಚ್ಚು ಅಲಕ್ಷ್ಯವೂ ಇದೆ. ಎರಡು ಗಂಟೆ ಬಯಲಿನಲ್ಲಿ ಆಡಿದ ಮಕ್ಕಳು, ಕಿಟಕಿ ಏರಿಸಿದ ಒಂದೇ ಕಾರಿನಲ್ಲಿ ಐದು ಜನ ತುಂಬಿಕೊಂಡು ಘಾಟ್ಕೋಪರಿನವರೆಗೆ ಮುಕ್ಕಾಲು ಗಂಟೆ ಹರಟುತ್ತ ಬಂದರೆ, ಮೈದಾನದ ಸುರಕ್ಷತೆಯೆಲ್ಲ ಆ ಕಾರಿನಲ್ಲಿ ಕರಗುತ್ತದೆ. ಎರಡೂ ಬದಿ ತೆರೆದಿರುವ ರಿಕ್ಷಾ ಅದಕ್ಕಿಂತ ಉತ್ತಮ, ನಡೆದು ಹೋಗುವಷ್ಟು ಹತ್ತಿರದ ಮೈದಾನ ಎಲ್ಲಕ್ಕಿಂತ ಉತ್ತಮ. ಹೆಸರುವಾಸಿ ಕೋಚ್ ಇದ್ದಾರೆಂದು ದಿನವೂ ಡೊಂಬಿವಲಿಯಿಂದ ದಾದರಿಗೆ ನೂಕುನುಗ್ಗಲಿನ ಲೋಕಲ್ ರೈಲಿನಲ್ಲಿ ಮಗುವನ್ನು ಕರೆತರುವವರು, ಸಾಂಕ್ರಾಮಿಕ ಮುಗಿಯುವವರೆಗೆ ಬಡಾವಣೆಯ ಮೈದಾನವೇ ಸಾಕೆಂದು ನಿರ್ಧರಿಸಬೇಕು. ಆ ಪ್ರಯಾಣದ ಅಪಾಯವು ಆಟದ ಅಪಾಯಕ್ಕಿಂತ ಎಷ್ಟೋ ದೊಡ್ಡದು.

ಮಗು ಮನೆಯಿಂದಲೇ ಆಟದ ಉಡುಪು ಧರಿಸಿ ಹೊರಡಲಿ, ಬಟ್ಟೆ ಬದಲಿಸುವ ಕೋಣೆಗೆ ಹೋಗದೆ ಮನೆಗೆ ಮರಳಲಿ. ನೀರಿನ ಬಾಟಲಿಯ ಮೇಲೆ ಹೆಸರು ಬರೆದಿರಲಿ. ಡಬ್ಬಾ ಹಂಚಿಕೊಂಡು ತಿನ್ನುವುದು ಗೆಳೆತನದ ಭಾಗವೆಂಬುದು ನಿಜ, ಹಾಗಾಗಿ ಬರಿದೆ ‘ಹಂಚಬೇಡ’ ಎನ್ನುವ ಬದಲು, ಆಟ ಮುಗಿದ ಕೂಡಲೇ ಮನೆಗೆ ಬಂದು ತಿನ್ನುವ ವ್ಯವಸ್ಥೆ ಮಾಡುವುದು ಸುಲಭ. ಮೈದಾನದ ಅಂಚಿನಲ್ಲಿ ಗುಂಪಾಗಿ ನಿಂತು ಮಾತನಾಡುವ ಪಾಲಕರಿಗೂ ಈ ನಿಯಮಗಳು ಅನ್ವಯಿಸುತ್ತವೆ. ಮಕ್ಕಳಿಗಿಂತ ಅವರ ನಡುವೆಯೇ ಸೋಂಕು ಸುಲಭವಾಗಿ ದಾಟಬಲ್ಲದು.

ಮುಖಗವಸಿನ ಬಗ್ಗೆ: ರಭಸದ ವ್ಯಾಯಾಮ ಮಾಡುವಾಗ ಅದನ್ನು ಧರಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದರ ಅಗತ್ಯವಿಲ್ಲವೆಂದೂ ಹನ್ನೆರಡು ದಾಟಿದವರು ದೊಡ್ಡವರಂತೆಯೇ ಧರಿಸಬೇಕೆಂದೂ ಅದರ ಸಲಹೆಯಿತ್ತು. ಓಡುವಾಗ ತೆಗೆದು, ಸರದಿಗಾಗಿ ಕೂತಾಗ ಮತ್ತು ಪ್ರಯಾಣದಲ್ಲಿ ಧರಿಸುವ ಅಭ್ಯಾಸ ಸಾಕು. ಮುಂಬಯಿಯ ಸೆಕೆಯಲ್ಲಿ ಬೆವರಿನಿಂದ ಒದ್ದೆಯಾದ ಮುಖಗವಸು ಉಸಿರಾಟಕ್ಕೆ ತೊಡಕಾಗುವುದರಿಂದ ಬದಲಿಸಲು ಇನ್ನೊಂದು ಚೀಲದಲ್ಲಿರಲಿ.

ಆರನೆಯ ಹೆಜ್ಜೆ: ಕೋಚ್ ಜೊತೆ ಮಾತನಾಡಿ

ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಗುಂಪಿನಲ್ಲಿ ಎಷ್ಟು ಮಕ್ಕಳು, ದಿನವೂ ಅದೇ ಮಕ್ಕಳೇ? ಹಾಜರಿ ಪಟ್ಟಿ ಇದೆಯೇ? ಒಬ್ಬರಿಗೆ ಸೋಂಕು ಬಂದರೆ ಉಳಿದವರಿಗೆ ಅದೇ ದಿನ ತಿಳಿಸುತ್ತೀರಾ? ಕೋಚ್ ಮತ್ತು ಸಹಾಯಕರು ಲಸಿಕೆ ಪಡೆದಿದ್ದಾರೆಯೇ?

ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಜ್ವರದಿಂದ ಅಭ್ಯಾಸ ತಪ್ಪಿಸಿಕೊಂಡ ಮಗುವಿಗೆ ತಂಡದಲ್ಲಿ ಜಾಗ ಉಳಿಯುತ್ತದೆಯೇ? ಹದಿನಾಲ್ಕರೊಳಗಿನವರ ಗೈಲ್ಸ್ ಶೀಲ್ಡ್, ಹದಿನಾರರೊಳಗಿನವರ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿಗಳ ಹಿಂದೆ ಈ ನಗರದ ಕುಟುಂಬಗಳ ಎಷ್ಟು ಆಸೆ ಇದೆಯೆಂಬುದು ಎಲ್ಲರಿಗೂ ಗೊತ್ತು. ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ 1988ರಲ್ಲಿ 664 ರನ್ನುಗಳ ಜೊತೆಯಾಟ ಆಡಿದ್ದು ಹ್ಯಾರಿಸ್ ಶೀಲ್ಡ್‌ನಲ್ಲಿಯೇ. ಆಯ್ಕೆಯ ದಿನ ಮಗುವಿಗೆ ಮೈ ಬಿಸಿಯಾದರೆ ಪ್ಯಾರಾಸಿಟಮಾಲ್ ಕೊಟ್ಟು ಕಳುಹಿಸಿಬಿಡುವ ಒತ್ತಡ ಪಾಲಕರ ಮೇಲೆ ಬೀಳುತ್ತದೆ, ಕೆಮ್ಮನ್ನು ಅಡಗಿಸಿಕೊಳ್ಳುವ ಒತ್ತಡ ಮಗುವಿನ ಮೇಲೆ ಬೀಳುತ್ತದೆ. ಹೀಗೆ ಮರೆಸಿದ ಒಂದು ಜ್ವರ ಹತ್ತು ಮನೆಗಳನ್ನು ತಲುಪಬಲ್ಲದು. ಆದ್ದರಿಂದ ಪಾಲಕರು ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ ಹೋಗಿ, ಕಾಯಿಲೆಯ ಗೈರುಹಾಜರಿಗೆ ಶಿಕ್ಷೆಯಿಲ್ಲ, ಆಯ್ಕೆಗೆ ಇನ್ನೊಂದು ಅವಕಾಶ ಸಿಗುತ್ತದೆ ಎಂಬ ಭರವಸೆಯನ್ನು ಬರಹದಲ್ಲಿ ಪಡೆಯಬೇಕು. ಈ ಭರವಸೆ ಕೊಡಲು ಒಪ್ಪದ ತರಬೇತಿ ಕೇಂದ್ರಕ್ಕೆ ಸಾಂಕ್ರಾಮಿಕದ ಕಾಲದಲ್ಲಿ ಮಗುವನ್ನು ಕಳುಹಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಎಚ್ಚರ ಬೇಕು. ಮಳೆಗಾಲದ ಮುಂಬಯಿಯಲ್ಲಿ ಜ್ವರವೆಂದರೆ ಡೆಂಗಿ, ಮಲೇರಿಯಾ, ನಿಂತ ನೀರಿನಲ್ಲಿ ನಡೆದವರಿಗೆ ಬರುವ ಲೆಪ್ಟೊಸ್ಪೈರೋಸಿಸ್ ಕೂಡ ಆಗಿರಬಹುದು. ಸಾಂಕ್ರಾಮಿಕದ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದ ಮಾತ್ರಕ್ಕೆ ಮಗುವನ್ನು ಮೈದಾನಕ್ಕೆ ಕಳುಹಿಸದೆ, ಜ್ವರದ ಕಾರಣ ಏನೆಂದು ವೈದ್ಯರಿಂದ ತಿಳಿಯಿರಿ.

ಏಳನೆಯ ಹೆಜ್ಜೆ: ಕಾಯಿಲೆ ಬಂದು ಹೋದ ಮೇಲೆ

ಕೋವಿಡ್‌ನಂಥ ಸೋಂಕಿನ ನಂತರ ಅಪರೂಪಕ್ಕೆ ಹೃದಯದ ಸ್ನಾಯುಗಳಲ್ಲಿ ಉರಿಯೂತ ಉಳಿಯುತ್ತದೆ. ಆ ಸ್ಥಿತಿಯಲ್ಲಿ ರಭಸವಾಗಿ ಓಡಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿ ಪ್ರತ್ಯೇಕವಾಸದ ದಿನಗಳು ಮುಗಿದು, ಜ್ವರದ ಔಷಧಿ ಇಲ್ಲದೆಯೇ ಜ್ವರ ಪೂರ್ತಿ ಬಿಟ್ಟ ಮೇಲೆ ಮಾತ್ರ ವ್ಯಾಯಾಮ ಆರಂಭವಾಗಲಿ. ಹನ್ನೆರಡಕ್ಕಿಂತ ಚಿಕ್ಕ ಮಕ್ಕಳು ತಮಗೆ ಆಗುವಷ್ಟು ಆಡುತ್ತ ಸಹಜವಾಗಿ ಮರಳಬಹುದು, ಹನ್ನೆರಡು ದಾಟಿದವರಿಗೆ ಕನಿಷ್ಠ ಒಂದು ವಾರದ ಕ್ರಮಬದ್ಧ ಏರಿಕೆ ಬೇಕು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಸೂಚಿಸಿತ್ತು. ಮೊದಲೆರಡು ದಿನ ಕಾಲು ಗಂಟೆಯ ನಡಿಗೆ, ಬಳಿಕ ನಿಧಾನದ ಓಟ, ಆ ಮೇಲೆ ಆಟದ ಸರಳ ಅಭ್ಯಾಸ, ಕಡೆಯಲ್ಲಿ ಪೂರ್ಣ ಪಂದ್ಯ ಎಂಬುದು ಅನುಸರಿಸಬಹುದಾದ ಕ್ರಮ. ಹಲವು ದಿನ ಜ್ವರವಿದ್ದವರು, ಆಸ್ಪತ್ರೆ ಸೇರಿದ್ದವರು ವೈದ್ಯರ ತಪಾಸಣೆಯಿಲ್ಲದೆ ಮರಳಬಾರದು.

ಎದೆನೋವು, ಶ್ರಮಕ್ಕೆ ಮೀರಿದ ಏದುಸಿರು, ಎದೆ ಬಡಿತದಲ್ಲಿ ಏರುಪೇರು, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಆಟ ಆ ಕ್ಷಣವೇ ನಿಲ್ಲಬೇಕು. ಸೋಂಕು ಬಂದು ಎರಡರಿಂದ ಆರು ವಾರಗಳ ನಂತರ ಮತ್ತೆ ಜ್ವರ ಬಂದು, ಜೊತೆಗೆ ಮೈಮೇಲೆ ದದ್ದು, ಕೆಂಗಣ್ಣು, ಹೊಟ್ಟೆನೋವು ಅಥವಾ ವಾಂತಿ ಇದ್ದರೆ ತಡಮಾಡದೆ ಮಕ್ಕಳ ವಿಭಾಗವಿರುವ ಆಸ್ಪತ್ರೆಗೆ ಹೋಗಬೇಕು.

ಎಂಟನೆಯ ಹೆಜ್ಜೆ: ನಿಲ್ಲಿಸುವುದು, ಮತ್ತೆ ತೊಡಗುವುದು

ತೀರ್ಮಾನ ‘ಬೇಡ’ ಎಂದಾದ ವಾರಗಳಲ್ಲಿ ಮಗುವಿಗೆ ಕಾರಣವನ್ನು ನೇರವಾಗಿ ಹೇಳಿ, ಮತ್ತೆ ಯಾವ ದಿನ ಪರಿಶೀಲಿಸುತ್ತೀರಿ ಎಂಬುದನ್ನೂ ತಿಳಿಸಿ. ಸೊಸೈಟಿಯ ತಾರಸಿ ಅಥವಾ ಅಂಗಳವನ್ನು ಮಕ್ಕಳಿಗೆ ಸರದಿಯಂತೆ ಬಿಟ್ಟುಕೊಡುವಂತೆ ಪದಾಧಿಕಾರಿಗಳನ್ನು ಕೇಳಿ; ಒಂದು ಮನೆಯ ಮಕ್ಕಳಿಗೆ ಅರ್ಧ ಗಂಟೆ ಸಿಕ್ಕರೂ ಹಗ್ಗದಾಟಕ್ಕೆ, ಓಟಕ್ಕೆ ಸಾಕಾಗುತ್ತದೆ. ಕಾಲುಚೀಲದಲ್ಲಿ ಚೆಂಡಿಟ್ಟು ದಾರದಿಂದ ಇಳಿಬಿಟ್ಟರೆ ಖೋಲಿಯ ಬಾಗಿಲಲ್ಲೂ ಬ್ಯಾಟಿಂಗ್ ಅಭ್ಯಾಸ ನಡೆಯುತ್ತದೆ. ವಾರಕ್ಕೊಮ್ಮೆ ಇಡೀ ತಂಡ ವೀಡಿಯೊ ಕರೆಯಲ್ಲಿ ಸೇರಿ ಕೋಚ್ ಜೊತೆ ಮಾತನಾಡಿದರೆ ಮಕ್ಕಳ ನಂಟು ಕಡಿಯುವುದಿಲ್ಲ.

ಮೂರನೆಯ ಹೆಜ್ಜೆಯ ಅಂಕಿಗಳು ಎರಡು ವಾರ ಸತತವಾಗಿ ಇಳಿದ ಮೇಲೆ ಬಯಲಿನಲ್ಲಿ ಇಬ್ಬರು ಮೂವರು ಮಕ್ಕಳ ಎಸೆತ ಹಿಡಿತಗಳಿಂದ ಆರಂಭಿಸಿ. ಮುಂದಿನ ವಾರವೂ ಸ್ಥಿತಿ ಹಾಗೆಯೇ ಇದ್ದರೆ ಅದೇ ಗುಂಪಿನ ಪೂರ್ಣ ಅಭ್ಯಾಸಕ್ಕೆ, ಅದಾದ ಮೇಲೆ ತಂಡದೊಳಗಿನ ಪಂದ್ಯಕ್ಕೆ ಹೋಗಬಹುದು. ಬೇರೆ ತಂಡಗಳೊಂದಿಗಿನ ಪಂದ್ಯಾವಳಿಗೆ ಹೆಸರು ಕೊಡುವುದು ಇವೆಲ್ಲ ದಾಟಿದ ಬಳಿಕವೇ. ಎರಡು ಹಂತಗಳ ನಡುವೆ ಗುಂಪಿನ ಯಾರೊಬ್ಬರ ಮನೆಯಲ್ಲಿ ಸೋಂಕು ಕಾಣಿಸಿಕೊಂಡರೂ ಅಲ್ಲಿಯೇ ನಿಂತು, ಆ ಮಗುವಿನೊಂದಿಗೆ ಆಡಿದವರೆಲ್ಲರ ಪರೀಕ್ಷೆ ಮುಗಿಸಿ ಮುಂದುವರಿಯಿರಿ.